ಹುಸೇನಪೀರನ ಭೋಂಗಾ ಮತ್ತು ದೆವ್ವದ ಆಟ

ಸವದತ್ತಿಯಲ್ಲಿ ಯಾರದಾದರೂ ಎಮ್ಮೆ ಕಳೆದರೆ ಅವರು ಮೊದಲು ಹೋಗುವುದು ಪೊಲೀಸರ ಹತ್ತಿರ ಅಲ್ಲ, ಹುಸೇನಪೀರನ ಹತ್ತಿರ. ಅವನ ಆಟೋರಿಕ್ಷಾದ ನೆತ್ತಿಯ ಮೇಲೆ ಎರಡು ಭೋಂಗಾಗಳಿವೆ. ಧ್ವನಿವರ್ಧಕ ಎಂದು ನೀವು ಪುಸ್ತಕದಲ್ಲಿ ಓದಿರಬಹುದು, ನಮ್ಮ ಕಡೆ ಅದು ಭೋಂಗಾ. ಒಂದು ಮುಂದಿದ್ದವರಿಗೆ, ಇನ್ನೊಂದು ಗಾಡಿ ದಾಟಿಹೋದ ಮೇಲೆ ಎಚ್ಚರಾಗುವವರಿಗೆ. ಕಳೆದ ಎಮ್ಮೆ, ನಾಳೆ ಬರುವ ನಲ್ಲಿ ನೀರು, ಪೋಲಿಯೋ ಹನಿ, ಸೀರೆ ಅಂಗಡಿಯ ಸೇಲು ಎಲ್ಲವೂ ಅವನ ಬಾಯಿಂದಲೇ ಊರಿಗೆ ಗೊತ್ತಾಗಬೇಕು. ಆದರೆ ಅವನ ಅಸಲು ಕಸುಬು ಸಿನಿಮಾ ಸಾರುವುದು. ಶಟ್ಟೆಪ್ಪನ ಟಾಕೀಸಿನಲ್ಲಿ ಹೊಸ ಸಿನಿಮಾ ಬಂದಿತೆಂದರೆ ಹೂಲಿ, ಮುರಗೋಡ ಎಂದು ಸುತ್ತಲಿನ ಹಳ್ಳಿಗಳನ್ನೆಲ್ಲ ತಿರುಗಿ ಕೂಗಿ ಬರುತ್ತಾನೆ.

ನನ್ನ ಝೆರಾಕ್ಸ್ ಅಂಗಡಿ ಆ ಟಾಕೀಸಿನ ಎದುರಿಗೇ ಇದೆ. ಬೆಳಗಿನಿಂದ ಸಂಜೆಯ ತನಕ ಮಂದಿಯ ಆಧಾರ್ ಕಾರ್ಡಿನೊಳಗಿನ ಮೋರೆಗಳನ್ನೇ ನೋಡುವ ನನಗೆ ಮನುಷ್ಯಜಾತಿಯ ಮೇಲೆ ಅಂಥ ಪ್ರೀತಿಯೇನೂ ಉಳಿದಿಲ್ಲ. ಹುಸೇನಪೀರನ ಮಾತು ಬೇರೆ. ದಿನಕ್ಕೊಂದು ಸಲ ಅವನು ನನ್ನ ಅಂಗಡಿಯ ಕಟ್ಟೆಗೆ ಬಂದು ಕೂರದಿದ್ದರೆ ನನಗೆ ಚಹಾ ರುಚಿಸುವುದಿಲ್ಲ. ಇದನ್ನು ಅವನಿಗೆ ಹೇಳಿಲ್ಲ, ಹೇಳಿದರೆ ಭೋಂಗಾದಲ್ಲಿ ಹಾಕಿಬಿಡುತ್ತಾನೆ.

ನೋಡಲಿಕ್ಕೆ ಒಣಕಲು ಕಡ್ಡಿ. ಇಷ್ಟು ದೊಡ್ಡ ದನಿ ಇಷ್ಟು ಸಣ್ಣ ಮೈಯಲ್ಲಿ ಎಲ್ಲಿ ಅಡಗಿರುತ್ತದೋ ದೇವರೇ ಬಲ್ಲ. ಮೊಹರಂನಲ್ಲಿ ಅವನು ಪದ ಹಾಡಲು ನಿಂತರೆ ಮೈಕಿನವನು ಮೈಕು ಬಂದ್ ಮಾಡಿ ತಾನೂ ಕೇಳುತ್ತಾ ಕೂರುತ್ತಾನೆ. ಕಸುಬಿನಲ್ಲಿ ಅವನು ಬಲು ಕಟ್ಟುನಿಟ್ಟು. ಹಳ್ಳಿಯವರಿಗೆ ತಿಳಿಯದ ಇಂಗ್ಲಿಷ್ ಶಬ್ದ ಬಳಸುವುದಿಲ್ಲ. "ಹೊಲದಾಗ ಬಗ್ಗಿ ಕಳೆ ತಗಿಯೋ ಮಂದಿ ತಲಿ ಎತ್ತೂದ್ರೊಳಗ ನನ್ನ ಮಾತು ತಿಳೀಬೇಕ್ರಿ" ಎನ್ನುತ್ತಾನೆ. ಸುಳ್ಳನ್ನಂತೂ ಹೇಳುವುದೇ ಇಲ್ಲ. "ಉಪ್ಪು ಖಾರ ಹಚ್ಚಬೌದು ಸಾವಕಾರ್ರ, ಇಲ್ಲದ್ದನ್ನ ಐತಿ ಅನ್ನಬಾರದು. ಎಮ್ಮಿ ಕಳದವರು ನನ್ನ ನಂಬಿ ಕುಂತಿರತಾರ." ಝೆರಾಕ್ಸ್ ಅಂಗಡಿಯವನನ್ನು ಸಾವಕಾರ ಎಂದು ಕರೆಯುವುದು ಉಪ್ಪೋ ಖಾರವೋ ನಾನು ಕೇಳಿಲ್ಲ.

ಇಂಥ ಗಂಡುದನಿಯ ಮನುಷ್ಯನಿಗೆ ದೆವ್ವ ಎಂದರೆ ಪ್ರಾಣಭಯ. ಎಷ್ಟೋ ವರ್ಷಗಳಿಂದ ದೆವ್ವದ ಸಿನಿಮಾಗಳನ್ನು ಸಾರುತ್ತ ಬಂದಿದ್ದಾನೆ, ಒಂದನ್ನೂ ನೋಡಿಲ್ಲ. ದೆವ್ವದ ಪೋಸ್ಟರನ್ನು ಆಟೋದ ಹಿಂಭಾಗಕ್ಕೇ ಅಂಟಿಸುತ್ತಾನೆ, ಅದೂ ಕಣ್ಣನ್ನು ಅತ್ತ ತಿರುಗಿಸಿಕೊಂಡು. ಹಾಗಾಗಿ ಎಷ್ಟೋ ಸಲ ದೆವ್ವ ತಲೆಕೆಳಗಾಗಿ ಊರು ಸುತ್ತಿದೆ. "ಗುಂಡಿಗಿ ಗಟ್ಟಿ ಇದ್ದವರು ಬರ್ರಿ ಅಂತ ಊರಿಗೆಲ್ಲಾ ಒದರ್ತಾರ, ಇಲ್ಲಿ ಕರೆಂಟ್ ಹೋದ್ರ ನನ್ನ ಸೆರಗ ಹಿಡ್ಕೊಂತಾರ. ಹೇಳೂದು ಪುರಾಣ, ತಿನ್ನೂದು ಬದನಿಕಾಯಿ" ಎಂದು ಅವನ ಹೆಂಡತಿ ಬಾನುಬಿ ನಗುತ್ತಾಳೆ.

ಶಟ್ಟೆಪ್ಪನಿಗೆ ಮೊಣಕಾಲು ನೋವು ಹಿಡಿದ ಮೇಲೆ ಟಾಕೀಸನ್ನು ನೋಡಿಕೊಳ್ಳುವವಳು ಅವನ ಮಗಳು ಸಪ್ನಾ. ಚುರುಕಿನ ಹುಡುಗಿ. ಮುರಿದ ಕುರ್ಚಿ ರಿಪೇರಿ ಮಾಡಿಸಿದಳು, ಪಾಯಖಾನೆಗೆ ಬಾಗಿಲು ಹಚ್ಚಿಸಿದಳು. ನನಗೆ ಹಿಡಿಸದ್ದು ಒಂದೇ, ಮಾತಿಗೊಮ್ಮೆ ರೀಲ್ಸ್ ರೀಲ್ಸ್ ಎನ್ನುವುದು. ಈ ಮಳೆಗಾಲದ ಕೊನೆಗೆ ಒಂದು ದಿನ ಅವಳು ಹುಸೇನಪೀರನನ್ನು ಕರೆದು, ನನ್ನ ಅಂಗಡಿಯ ಕಟ್ಟೆಯ ಮೇಲೇ ಹೇಳಿಬಿಟ್ಟಳು.

"ಕಾಕಾ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಇನ್ನ ಮ್ಯಾಲ ಭೋಂಗಾ ಬಂದ್ ಮಾಡೂನು. ಎಲ್ಲಾ ಫೋನಿನಾಗ ಹಾಕತೇವಿ."

"ಹೂಲಿ ಮುದಕ್ಯಾರಿಗೆ ಫೋನಿನಾಗ ಹ್ಯಾಂಗ ತಿಳೀತೈತಿ ಯವ್ವಾ?" ಹುಸೇನಪೀರನ ದನಿ ಅವತ್ತು ನನ್ನ ಅಂಗಡಿಯನ್ನೂ ದಾಟಲಿಲ್ಲ.

"ಮುದಕ್ಯಾರು ಸಿನಿಮಾಕ್ಕ ಬಂದು ಎಷ್ಟ್ ವರ್ಷ ಆತ್ರಿ ಕಾಕಾ? ನೀವು ಹಳ್ಳಿ ಹಳ್ಳಿ ಒದರ್ತೀರಿ, ಬರಾವ್ರು ಇಲ್ಲೀ ಕಾಲೇಜ್ ಹುಡುಗ್ರು."

ಮಾತು ಸುಳ್ಳಲ್ಲ. ಹುಸೇನಪೀರ ಟೋಪಿ ತೆಗೆದು ತಲೆ ತುರಿಸಿಕೊಂಡ. ಕಡೆಗೆ, "ಇದೊಂದು ಸಿನಿಮಾ ಒದರತೇನಿ. ಹಳ್ಳಿ ಮಂದಿ ಬಂದ್ರ ಭೋಂಗಾ ಇರಲಿ, ಬರಲಿಲ್ಲಂದ್ರ ನನ್ನ ಕೈಯಿಂದನ ಇಳಸ್ತೇನಿ" ಎಂದ. ಸಪ್ನಾ ಒಳ್ಳೆಯವಳು, ಒಪ್ಪಿದಳು. ಒಪ್ಪಿದ್ದು ಮರುಕದಿಂದ ಎಂದು ಅವಳ ಮೋರೆಯಲ್ಲೇ ಬರೆದಿತ್ತು.

ಆ ಸಿನಿಮಾ ಎಂಥದು ಎನ್ನುವುದನ್ನು ಹೇಳಬೇಕು. ಹುಡುಗರು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ಆಡುವ ಒಂದು ವಿಡಿಯೋ ಗೇಮ್ ಇತ್ತಂತೆ. ಹಾಳು ದವಾಖಾನೆ, ಅದರೊಳಗೆ ದೆವ್ವ, ಅದರ ಕೈಗೆ ಸಿಗದೆ ಹೊರಗೆ ಬರಬೇಕು. ಒಂದು ಭಾಗ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಜಗತ್ತೆಲ್ಲ ಆಡಿದ ಮೇಲೆ ಅದನ್ನೇ ಸಿನಿಮಾ ಮಾಡಿದ್ದರು. ನಮ್ಮಲ್ಲಿಗೆ ಬಂದದ್ದು ಅದರ ಹಿಂದಿ ಅವತರಣಿಕೆ. "ವಿಶ್ವವಿಖ್ಯಾತ ವಿಡಿಯೋ ಗೇಮ್ ಸರಣಿ ಆಧಾರಿತ ಹಾರರ್ ಚಿತ್ರ ಅಂತ ಹೇಳ್ರಿ ಸಾಕು" ಎಂದು ಸಪ್ನಾ ಅವನಿಗೆ ಹೇಳಿದಳು.

ಅಂಥ ಇಂಗ್ಲಿಷ್ ಶಬ್ದ ಅವನ ಬಾಯಿಗೆ ವರ್ಜ್ಯ. ಗೇಮ್ ಎಂದರೆ ಆಟ, ಇದರಲ್ಲಿ ಯಾರನ್ನು ಕೇಳುವುದಿದೆ? ಶನಿವಾರ, ಭಾನುವಾರ ಎರಡೂ ದಿನ ಊರಲ್ಲೂ ಹಳ್ಳಿಗಳ ಓಣಿ ಓಣಿಗಳಲ್ಲೂ ಭೋಂಗಾ ಮೊಳಗಿತು.

"ಬಂತು ಬಂತು ಬಂತು! ದೇಶ ದೇಶದಾಗ ಹೆಸರಾದ ಆಟ ಸವದತ್ತಿಗೆ ಬಂತು! ಲಕ್ಷಾನುಗಟ್ಟಲೆ ಮಂದಿ ಆಡಿದ್ದು, ಹುಡುಗ್ರು ಉಣ್ಣೂದು ಬಿಟ್ಟು ಆಡಿದ್ದು, ಒಂದನೇ ಭಾಗ, ಎರಡನೇ ಭಾಗ, ಮೂರನೇ ಭಾಗ ಅಂತ ವರ್ಷಾನುಗಟ್ಟಲೆ ನಡದ ಆಟ! ದೆವ್ವದ ಆಟ! ಶಟ್ಟೆಪ್ಪನ ಟಾಕೀಸಿನಾಗ! ಗುಂಡಿಗಿ ಗಟ್ಟಿ ಇದ್ದವರು ಬರ್ರಿ, ಇಲ್ಲದವರು ಜೋಡಿ ಕರಕೊಂಡ ಬರ್ರಿ!"

ಸಿನಿಮಾ ಎನ್ನುವ ಶಬ್ದ ಇದರಲ್ಲಿ ಎಲ್ಲಿಯೂ ಇಲ್ಲದ್ದು ಅವನಿಗೂ ಹೊಳೆಯಲಿಲ್ಲ, ಕಟ್ಟೆಯ ಮೇಲೆ ಕೂತು ಕೇಳಿದ ನನಗೂ ಹೊಳೆಯಲಿಲ್ಲ. ಟಾಕೀಸಿನಲ್ಲಿ ಸಿನಿಮಾ ಬಿಟ್ಟು ಇನ್ನೇನಿರುತ್ತದೆ?

ಸೋಮವಾರ ನಮ್ಮ ಕಡೆ ಎತ್ತುಗಳನ್ನು ಹೂಡುವುದಿಲ್ಲ. ಬಸವಣ್ಣನ ವಾರ, ದನಗಳಿಗೂ ರೈತರಿಗೂ ಬಿಡುವು. ಆ ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಅಂಗಡಿಯ ಶಟರ್ ಎತ್ತುತ್ತೇನೆ, ಟಾಕೀಸಿನ ಮುಂದೆ ಟ್ರ್ಯಾಕ್ಟರ್! ಅದರ ಟ್ರಾಲಿಯ ತುಂಬ ಹೂಲಿಯ ಹೆಂಗಸರು, ಗಂಡಸರು, ನಡುವೆ ಜಮಖಾನೆಯ ಸುರುಳಿ, ಬುತ್ತಿಯ ಗಂಟುಗಳು. ಚಾಲಕ ಭೀಮಶಿ ಹೊಸ ರುಮಾಲು ಸುತ್ತಿದ್ದ. ಅದರ ಹಿಂದೆ ಇನ್ನೊಂದು ಟ್ರ್ಯಾಕ್ಟರ್, ಮುರಗೋಡದ ಬಸ್ಸಿನಿಂದ ಇಳಿದು ಬರುವ ಒಂದು ಗುಂಪು. ಸಪ್ನಾ ಟಿಕೆಟ್ ಕೊಡುವ ಕಿಂಡಿಯಲ್ಲಿ ಬಾಯಿ ತೆರೆದುಕೊಂಡು ಕೂತುಬಿಟ್ಟಳು. ಹುಸೇನಪೀರ ನನ್ನ ಕಟ್ಟೆಯ ಮೇಲಿಂದ ಎದ್ದ ರೀತಿ ನೋಡಬೇಕಿತ್ತು, ಮಗಳ ಮದುವೆಯ ದಿಬ್ಬಣ ಬಂದವನ ಹಾಗೆ ಎರಡೂ ಕೈ ಜೋಡಿಸಿಕೊಂಡು ಓಡಿದ.

ಟ್ರಾಲಿಯಿಂದ ಮೊದಲು ಇಳಿದವಳು ಯಲ್ಲವ್ವ. ಹೂಲಿಯಲ್ಲಿ ಯಾವ ಮದುವೆ, ಸೀಮಂತವೂ ಆಕೆಯಿಲ್ಲದೆ ನಡೆಯುವುದಿಲ್ಲ. ವಯಸ್ಸಾಗಿದೆ, ಆದರೆ ಕೈಹಿಡಿದು ಇಳಿಸಲು ಹೋದವರಿಗೆ ಬೈಗುಳ ಗ್ಯಾರಂಟಿ.

"ಏ ಹುಸೇನಪ್ಪಾ, ಪಾತ್ರಧಾರಿಗಳು ಎಲ್ಲಿ ಇಳದಾರೋ? ಬಣ್ಣಾ ಹಚ್ಚೂದಕ್ಕಿಂತ ಮೊದಲ ಒಂದೀಟು ಮಾತಾಡಸಬೇಕು."

"ಯಾರ ಪಾತ್ರಧಾರಿಗಳು ಯಕ್ಕಾ?"

"ಆಟದವರೋ! ಯಾವೂರ ಮ್ಯಾಳ? ಹಾರ್ಮೋನಿಯಂ ಯಾರದು? ನಮ್ಮೂರಾಗ ಆಟ ಆಗಿ ಎಷ್ಟ್ ವರ್ಷ ಆತು! ನೀ ಒದರಿದ್ದು ಕೇಳಿ ಇಡೀ ಓಣಿ ಎದ್ದು ಬಂದೈತಿ ನೋಡು."

ನನಗೆ ಆಗ ಬೆಳಕು ಹರಿಯಿತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಆಟ ಎಂದರೆ ಬಯಲಾಟ, ಸಣ್ಣಾಟ. ಹಾರ್ಮೋನಿಯಂ, ದಪ್ಪು, ತಾಳ ಹಿಡಿದು ಪದ ಹಾಡುತ್ತ, ಬಣ್ಣ ಹಚ್ಚಿಕೊಂಡು ಕುಣಿಯುವ ಆಟ. ದೇಶ ದೇಶದಲ್ಲಿ ಹೆಸರಾದ ಮೇಳವೊಂದು ಸವದತ್ತಿಗೆ ಬಂದು, ಮೂರು ಭಾಗದ ದೆವ್ವದ ಕಥೆಯನ್ನು ಟಾಕೀಸಿನಲ್ಲಿ ಆಡುತ್ತಿದೆ ಎಂದು ಈ ಮಂದಿ ತಿಳಿದಿದ್ದರು. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವುದು ಇದಕ್ಕೇ.

ಹುಸೇನಪೀರನ ಮೋರೆ ಸುಣ್ಣ ಬಳಿದ ಗೋಡೆಯಂತಾಯಿತು. "ಯಕ್ಕಾ, ಇದು ಆ ಆಟ..." ಎಂದು ತೊದಲಿದ.

ಯಲ್ಲವ್ವ ಅವನ ಮೋರೆಯನ್ನೇ ನೋಡಿದಳು. "ಯಾಕೋ? ನೀ ಹೇಳಿದಿ ಅಂತ ಬಂದೀವಿ. ಬ್ಯಾರೆ ಯಾರರೆ ಒದರಿದ್ರ ನಾ ಹೊಸ್ತಿಲಾ ದಾಟ್ತಿದ್ದಿಲ್ಲ. ಆಟ ಐತೋ ಇಲ್ಲೋ?"

"ಐತಿ" ಎಂದುಬಿಟ್ಟ ಹುಸೇನಪೀರ.

ಜನ್ಮದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದೇ ಇರಬೇಕು. ಹೇಳಿ ಮುಗಿಸುವಷ್ಟರಲ್ಲಿ ಬೆವರಿದ. ಮಂದಿ ನಗುನಗುತ್ತ ಒಳಗೆ ಹೋದರು. ಅವನು ಟಿಕೆಟ್ ಕಿಂಡಿಗೆ ಓಡಿದ, ನಾನೂ ಹಿಂದೆ ಹೋದೆ. ಶಟರ್ ಅರ್ಧ ಎತ್ತಿದ್ದು ಅಷ್ಟಕ್ಕೇ ಉಳಿಯಿತು.

ಸಂಗತಿ ಕೇಳಿ ಸಪ್ನಾ ಹಣೆಗೆ ಕೈಹಚ್ಚಿಕೊಂಡಳು. "ಅಯ್ಯ ಕಾಕಾ! ಹೋಗ್ಲಿ ಬಿಡ್ರಿ, ತಪ್ಪು ತಿಳುವಳಿಕಿ ಆಗೇತಿ ಅಂತ ಹೇಳಿ ರೊಕ್ಕ ತಿರುಗಿ ಕೊಡೂನು."

"ರೊಕ್ಕ ತಿರುಗಿ ಕೊಡಬೌದವಾ, ನನ್ನ ಮಾತು ಹ್ಯಾಂಗ ತಿರುಗಿ ಕೊಡೂದು?" ಅವನ ಕಣ್ಣಲ್ಲಿ ನೀರಾಡಿತು. ಭೋಂಗಾ ಹೋಗುವ ದುಃಖವಲ್ಲ ಅದು. ಇನ್ನು ಮುಂದೆ ಹೂಲಿಯಲ್ಲಿ ಎಮ್ಮೆ ಕಳೆದದ್ದನ್ನು ಸಾರಿದರೂ, ಇವನು ಹಿಂಗೇ ಅಂತ ಮಂದಿ ನಕ್ಕರೆ? ಆ ಯೋಚನೆ ಅವನನ್ನು ಕೊಲ್ಲುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಚಪ್ಪಾಳೆ ಕೇಳಿಸಿತು, ಆಟ ಚಾಲೂ ಮಾಡ್ರೋ ಎಂದು.

ಹುಸೇನಪೀರ ತಟ್ಟನೆ ಕಣ್ಣೊರೆಸಿಕೊಂಡ. "ಯವ್ವಾ, ಒಂದು ಮೈಕ್ ಕೊಡು. ಸಿನಿಮಾದ ಆವಾಜ್ ಸ್ವಲ್ಪ ಕಡಿಮಿ ಇಡಾಕ ಹೇಳು. ಅವರಿಗೆ ಆಟ ತೋರಸ್ತೇನಿ."

"ಒಳಗ ದೆವ್ವ ಇರತೈತಲೇ" ಎಂದೆ ನಾನು. ಸುಮ್ಮನಿರಬೇಕಿತ್ತು. ಅವನು ನನ್ನನ್ನು ಒಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು ಒಳಗೆ ನಡೆದ.

ಹಳೆಯ ಟಾಕೀಸು, ಪಡದೆಯ ಮುಂದೆ ಸಣ್ಣದೊಂದು ಕಟ್ಟೆಯಿದೆ. ಅದನ್ನು ಹತ್ತಿ ನಿಂತ. ಆಟ ಎಂದ ಮೇಲೆ ಮೊದಲು ಗಣಪತಿ. ಚಿಕ್ಕವನಿದ್ದಾಗ ಆಟದ ಮೇಳಗಳಲ್ಲಿ ಗ್ಯಾಸಬತ್ತಿ ಹೊತ್ತು ಕಲಿತದ್ದೆಲ್ಲ ಅವನ ಗಂಟಲಲ್ಲೇ ಇತ್ತು. ಕಣ್ಣು ಮುಚ್ಚಿ ಗಣಪತಿಯ ಪದ ಎತ್ತಿಕೊಂಡ ನೋಡಿ, ಮುಂದಿನ ಸಾಲಿನ ಹೆಂಗಸರು ಸೆರಗು ತಲೆಗೆಳೆದುಕೊಂಡು ಕೈಮುಗಿದರು. ಭೀಮಶಿ ಎದುರಿನ ಕುರ್ಚಿಯ ಬೆನ್ನನ್ನೇ ದಪ್ಪು ಮಾಡಿಕೊಂಡು ಬಡಿಯತೊಡಗಿದ. ಬಾಲ್ಕನಿಯಲ್ಲಿ ಒಂದಷ್ಟು ಕಾಲೇಜು ಹುಡುಗರಿದ್ದರು, ಆ ಗೇಮನ್ನು ಆಡಿ ಅರೆದು ಕುಡಿದವರು. "ಕಾಕಾ, ಸಾಕ್ ಮಾಡ್ರಿ, ಪಿಚ್ಚರ್ ಹಚ್ಚ್ರಿ" ಎಂದು ಕೂಗಿದರು. ಪದ ಮುಗಿಯಿತು, ದೀಪ ಆರಿತು, ಸಿನಿಮಾ ಸುರುವಾಯಿತು.

ಹುಸೇನಪೀರ ಕಟ್ಟೆಯಿಂದ ಇಳಿಯಲಿಲ್ಲ. ಒಂದು ಮೂಲೆಗೆ ಸರಿದು, ಪಡದೆಗೆ ಬೆನ್ನು ಕೊಟ್ಟು, ಮಂದಿಯ ಕಡೆ ಮುಖಮಾಡಿ ನಿಂತ. ದೆವ್ವವನ್ನು ನೋಡುವ ಪ್ರಮೇಯವೇ ಬೇಡ! ಹಿಂದಿ ಮಾತು ಹಿಂದಿನಿಂದ ಕಿವಿಗೆ ಬೀಳುತ್ತಿತ್ತು, ಉಳಿದದ್ದನ್ನು ಮಂದಿಯ ಮೋರೆಗಳಲ್ಲಿ ಓದುತ್ತಿದ್ದ. ಯಲ್ಲವ್ವನ ಹುಬ್ಬು ಮೇಲೇರಿದರೆ ಏನೋ ಬಂತು, ಸೆರಗು ಬಾಯಿಗೆ ಹೋದರೆ ತೀರಾ ಹತ್ತಿರ ಬಂತು. ಹೂಲಿಯವರಿಗೆ ಇದೂ ಆಟದ ಒಂದು ಪದ್ಧತಿಯೇ ಎನಿಸಿತು. ಹಿಂದಿನ ಕಾಲದ ಸೂತ್ರಧಾರರು ಎಲ್ಲಿ ಮುಖಮಾಡಿ ನಿಲ್ಲುತ್ತಿದ್ದರು? ಮಂದಿಯ ಕಡೆಗೇ ಅಲ್ಲವೆ?

"ಈಗ ನೋಡ್ರಪ್ಪಾ, ಈ ಹುಡಿಗಿ ತನ್ನ ತಂಗೀನ್ನ ಹುಡುಕ್ಕೊಂತ ಹಾಳ ದವಾಖಾನಿಗೆ ಬಂದಾಳ. ಬರಬಾರದಿತ್ತು. ಬಂದಾಳ!"

"ಒಬ್ಬಾಕಿನ ಯಾಕ ಬಂದ್ಲೋ? ಮನ್ಯಾಗ ಗಂಡಸರಿಲ್ಲೇನು?" ಯಲ್ಲವ್ವ ಕೇಳಿದಳು.

"ಅದಾರ ಯಕ್ಕಾ. ಫೋನ್ ನೋಡ್ಕೊಂತ ಕುಂತಾರ."

ಹೆಂಗಸರೆಲ್ಲ ಹೋ ಎಂದು ನಕ್ಕರು, ಗಂಡಸರು ಸುಮ್ಮನಾದರು. ಹುಡುಗಿ ಕತ್ತಲ ಕೋಣೆಗೆ ಕೈಹಾಕಿದರೆ "ಬ್ಯಾಡ ತಂಗೀ, ಹೊಳ್ಳಿ ಬಾ" ಎಂದು ಸಾಲು ಸಾಲೇ ಕೂಗುತ್ತಿತ್ತು. ಯಾರೋ ಒಬ್ಬಾಕೆ ಉಪ್ಪು ಮೆಣಸಿನಕಾಯಿ ನಿವಾಳಿಸಬೇಕು ಎಂದಳು, ಇನ್ನೊಬ್ಬಾಕೆ ದವಾಖಾನೆಯಲ್ಲಿ ಮೆಣಸಿನಕಾಯಿ ಎಲ್ಲಿಂದ ತರುತ್ತಾಳೆ ಎಂದು ಜಗಳಕ್ಕೆ ಹೋದಳು. ಹುಸೇನಪೀರ ಇಬ್ಬರಿಗೂ ಸಮಾಧಾನ ಹೇಳಿ ಕಥೆ ಮುಂದುವರಿಸಿದ.

ಅಷ್ಟರಲ್ಲಿ ದೆವ್ವ ಹುಡುಗಿಯನ್ನು ಹಿಡಿದು ಕೊಂದೇಬಿಟ್ಟಿತು. ಇಡೀ ಟಾಕೀಸು "ಅಯ್ಯಯ್ಯ ಪಾಪ" ಎಂದಿತು. ಮರುಗಳಿಗೆ ಅದೇ ಹುಡುಗಿ ಅದೇ ಬಾಗಿಲಿನ ಮುಂದೆ ಮೊದಲಿನಂತೆಯೇ ನಿಂತಿದ್ದಳು. ಗೇಮಿನಲ್ಲಿ ಹಾಗೆಯೇ ಅಂತೆ, ಸತ್ತರೆ ಮತ್ತೆ ಮೊದಲಿನಿಂದ. ಭೀಮಶಿ ಎದ್ದು ನಿಂತ.

"ಇದೆಂಥಾದ್ದೋ ಹುಸೇನಪೀರ? ಸತ್ತಾಕಿ ಹ್ಯಾಂಗ ಬಂದ್ಲು? ನಮಗೇನ ಹುಚ್ಚ ಮಾಡಾಕತ್ತೀರೇನು?"

ಎಲ್ಲ ಮುಗಿಯಿತು ಎಂದುಕೊಂಡೆ. ಹುಸೇನಪೀರ ಮೈಕೆತ್ತಿದ.

"ಭೀಮಶಣ್ಣಾ, ಆಟದಾಗ ಸತ್ತ ರಾಕ್ಷಸ ಪಡದೆ ಹಿಂದ ಹೋಗಿ ಚಾ ಕುಡದು, ಮರುದಿನ ಮುಂದಿನ ಊರಾಗ ಮತ್ತ ಸಾಯಾಕ ಬರೂದಿಲ್ಲೇನು? ಹಂಗ ಈಕಿನೂ! ಆಟ ಇದು! ಆಟದಾಗ ಸತ್ತವರು ಸಾಯೂದಿಲ್ಲ. ಈಕಿಗೆ ಮೂರು ಜೀವ, ಒಂದು ಹೋತು, ಎರಡು ಉಳದಾವು."

"ಹಂಗ ಹೇಳು ಮತ್ತ" ಎಂದು ಭೀಮಶಿ ಕೂತ. ಬಾಲ್ಕನಿಯಿಂದ ಶಿಳ್ಳೆ ಬಿತ್ತು. "ಬರೋಬ್ಬರಿ ಹೇಳಿದ್ರಿ ಕಾಕಾ! ಮೂರ ಜೀವ!" ಎಂದು ಹುಡುಗರು ಕೂಗಿದರು. ಅಲ್ಲಿಂದ ಮುಂದೆ ಅವರೂ ಇವನ ಕಡೆಯೇ ಆದರು. "ಕಾಕಾ, ಈಗ ಎಡಕ್ಕ ಬರತೈತಿ" ಎಂದು ಮೇಲಿನಿಂದ ಅವರು ಹೇಳುವುದು, ಇವನು "ಎಡಕ್ಕ ನೋಡ್ಕೋರಿ!" ಎಂದು ಸಾರುವುದು, ದೆವ್ವ ಬಂದಾಗ ಮಂದಿ "ಬಾರವಾ, ನಿನ್ನ ಹಾದಿನ ಕಾಯಾಕತ್ತೀವಿ" ಎನ್ನುವುದು. ಪಾಪ, ಆ ದೆವ್ವಕ್ಕೆ ಅಷ್ಟು ಅವಮಾನ ಯಾವ ದೇಶದಲ್ಲೂ ಆಗಿರಲಿಕ್ಕಿಲ್ಲ.

ಕೊನೆಕೊನೆಗೆ ಒಂದು ದೃಶ್ಯ ಬಂತು. ಮಾತಿಲ್ಲ, ಸಂಗೀತವಿಲ್ಲ, ಉಸಿರಿನ ಸದ್ದೂ ಇಲ್ಲ. ಮಂದಿಯ ಮೋರೆಗಳು ಗರಬಡಿದಂತೆ ನಿಂತುಬಿಟ್ಟವು. ಬಾಲ್ಕನಿಯ ಹುಡುಗರೂ ಗಪ್‌ಚಿಪ್. ಹುಸೇನಪೀರನಿಗೆ ಕಿವಿಯಿಂದಲೂ ಏನೂ ಸಿಗಲಿಲ್ಲ, ಕಣ್ಣಿನಿಂದಲೂ ಏನೂ ಸಿಗಲಿಲ್ಲ.

"ಏನಾತೋ ಹುಸೇನಪ್ಪಾ? ಯಾಕ ಸುಮ್ಮನಾದಿ? ಹೇಳೋ" ಎಂದು ಯಲ್ಲವ್ವ ಪಿಸುಗುಟ್ಟಿದಳು.

ಹೇಳಬೇಕು. ಹೇಳಬೇಕಾದರೆ ನೋಡಬೇಕು. ಬಾಗಿಲ ಹತ್ತಿರ ನಿಂತಿದ್ದ ನನಗೆ ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಯಾವ ದೇವರನ್ನು ನೆನೆಯುತ್ತಿದ್ದನೋ. ನಿಧಾನಕ್ಕೆ ತಿರುಗಿದ. ತಿರುಗಿದ್ದಕ್ಕೂ, ದೆವ್ವದ ಮೋರೆ ಪಡದೆಯ ತುಂಬ ಬಾಯಿ ತೆರೆದದ್ದಕ್ಕೂ ಸರಿಹೋಯಿತು.

ಅವನು ಹಾಕಿದ ಚೀರು ಮೈಕಿನಲ್ಲಿ ಹೋಗಿ, ಗೋಡೆಗೆ ಬಡಿದು, ಹೊರಗೆ ತಹಶೀಲ್ದಾರ ಕಚೇರಿಯ ತನಕ ಕೇಳಿಸಿತಂತೆ. ಸಿನಿಮಾಕ್ಕೆ ಹೆದರದ ಮಂದಿ ಇವನ ಚೀರಿಗೆ ಹೆದರಿ ಒಟ್ಟಿಗೇ ಚೀರಿದರು. ಹುಸೇನಪೀರ ಕುಂಡೆ ಊರಿ ಕಟ್ಟೆಯ ಮೇಲೆ ಕೂತುಬಿಟ್ಟ, ಟೋಪಿ ಎಲ್ಲೋ ಹೋಯಿತು. ಮೊದಲು ನಕ್ಕವಳು ಯಲ್ಲವ್ವ.

"ಅಯ್ಯ ನನ್ನ ಮಗನ! ಗುಂಡಿಗಿ ಗಟ್ಟಿ ಇದ್ದವರು ಬರ್ರಿ ಅಂತ ನೀನ ಒದರಿದ್ಯಲ್ಲೋ!"

ಹುಸೇನಪೀರ ಕೂತಲ್ಲಿಂದಲೇ ಮೈಕು ಬಾಯಿಗೆ ಹಿಡಿದ. "ಅದಕ್ಕ ನಿಮ್ಮನ್ನ ಕರದೇನಿ ಯಕ್ಕಾ. ನಂದು ಗಟ್ಟಿಲ್ಲ!"

ಆ ನಗೆಯಲ್ಲಿ ದೆವ್ವ ಸತ್ತದ್ದು, ಹುಡುಗಿ ತಂಗಿಯನ್ನು ಕರೆದುಕೊಂಡು ಹೊರಬಂದದ್ದು ಅರ್ಧ ಮಂದಿಗೆ ಕಾಣಲೇ ಇಲ್ಲ. ದೀಪ ಹತ್ತಿದಾಗ ಎಲ್ಲರ ಕಣ್ಣಲ್ಲೂ ನಗೆಯ ನೀರಿತ್ತು.

ಯಾರೂ ಎದ್ದು ಹೋಗಲಿಲ್ಲ. ಆಟ ಮುಗಿದ ಮೇಲೆ ಚೆನ್ನಾಗಿ ಪಾತ್ರ ಮಾಡಿದವರಿಗೆ ಆಯೇರಿ ಮಾಡುವುದು, ಎಂದರೆ ಬಟ್ಟೆಯನ್ನೋ ಮತ್ತೊಂದನ್ನೋ ಕೊಟ್ಟು ಹೆಸರು ಸಾರಿಸುವುದು ಹಳ್ಳಿಗಳ ರೂಢಿ. ಯಲ್ಲವ್ವ ಬುತ್ತಿಯ ಗಂಟಿನಿಂದ ಹೊಸದೊಂದು ಕುಬಸದ ಖಣ ತೆಗೆದು ಕಟ್ಟೆಯ ಹತ್ತಿರ ಬಂದಳು. "ಆ ಹುಡಿಗಿಗೆ ಕೊಡಬೇಕಂತ ಮಾಡೇನಿ. ಭಾಳ ಓಡ್ಯಾಳ ಪಾಪ. ಎರಡೆರಡ್ ಸಲ ಸತ್ತಾಳ" ಎಂದಳು.

ಹುಸೇನಪೀರ ಖಾಲಿ ಪಡದೆಯನ್ನೊಮ್ಮೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಸಪ್ನಾಳನ್ನು ಒಮ್ಮೆ ನೋಡಿದ. ಎದ್ದು ನಿಂತು, ಹಳೆಯ ದನಿ ತೆಗೆದ.

"ಹೂಲಿಯ ಯಲ್ಲವ್ವ ಇವರಿಂದ ಒಂದು ಖಣ ಆಯೇರಿ! ಪಾತ್ರಧಾರಿ ದೂರದ ಊರಾಕಿ, ಇವತ್ತು ಬಂದಿಲ್ಲ. ಪಾತ್ರಧಾರಿ ಇಲ್ಲದಾಗ ಯಜಮಾನಿಗೆ ಸಲ್ಲೂದು ಪದ್ಧತಿ. ಈ ಮ್ಯಾಳದ ಯಜಮಾನಿ ನಮ್ಮ ಸಪ್ನಾ ಅವರು ಬಂದು ಸ್ವೀಕಾರ ಮಾಡಬೇಕು!"

ಸಪ್ನಾ ಬರಲು ಒಲ್ಲೆ ಎಂದಳು, ಹೆಂಗಸರು ಬಿಡಲಿಲ್ಲ. ಯಲ್ಲವ್ವ ಅವಳ ಹಣೆಗೆ ಕುಂಕುಮ ಹಚ್ಚಿ ಖಣ ಕೊಟ್ಟಾಗ, ಸದಾ ಫೋನು ಹಿಡಿದಿರುವ ಆ ಕೈಗಳಲ್ಲಿ ಫೋನು ಇರಲಿಲ್ಲ. ಟಾಕೀಸಿನ ಲೆಕ್ಕ, ಕರೆಂಟು, ಕುರ್ಚಿ ಎಂದು ಒದ್ದಾಡುವ ಹುಡುಗಿಯನ್ನು ಅವತ್ತಿನ ತನಕ ಯಾರೂ ಯಜಮಾನಿ ಎಂದು ಕರೆದಿರಲಿಲ್ಲ.

ಟ್ರ್ಯಾಕ್ಟರ್‌ಗಳು ಹೋದ ಮೇಲೆ ಸಪ್ನಾ ನನ್ನ ಕಟ್ಟೆಗೆ ಬಂದು, "ಕಾಕಾ, ಗೆದ್ರಿ. ಭೋಂಗಾ ಇರಲಿ" ಎಂದಳು. ಹುಸೇನಪೀರ ತಲೆಯಲ್ಲಾಡಿಸಿದ.

"ಇಲ್ಲವಾ. ಅವರು ತಪ್ಪು ತಿಳದು ಬಂದಿದ್ರು. ಐತಿ ಅಂತ ನಾ ಸುಳ್ಳ ಹೇಳೇನಿ. ನಾಳೆ ಹೂಲಿಗೆ ಹೋಗಿ ಖರೆ ಏನೈತಿ ಅದನ್ನ ಒದರಿ ಬರತೇನಿ. ಆಮ್ಯಾಲೂ ಅವರು ಬರತೇವಿ ಅಂದ್ರ ಇರಲಿ. ಇಲ್ಲಂದ್ರ ಬ್ಯಾಡ."

"ಹುಚ್ಚದಾನ ಇವಾ" ಎಂದೆ ನಾನು.

ಮಂಗಳವಾರ ಕರೆಂಟಿರಲಿಲ್ಲ, ಝೆರಾಕ್ಸ್ ಮಷೀನು ಸತ್ತು ಬಿದ್ದಿತ್ತು. ಅವನ ಆಟೋದಲ್ಲಿ ನಾನೂ ಹೋದೆ. ಹೂಲಿಯ ಹಳೆಯ ಗುಡಿಗಳನ್ನು ದಾಟಿ ಯಲ್ಲವ್ವನ ಓಣಿಯ ಬಾಯಿಗೆ ಗಾಡಿ ನಿಲ್ಲಿಸಿದ. ಮೈಕನ್ನು ಎರಡು ಸಲ ಒರೆಸಿ ಬಾಯಿಗೆ ಹಿಡಿದ. ದೆವ್ವದ ಮುಂದೆಯೂ ಇಷ್ಟು ಹೆದರಿರಲಿಲ್ಲ.

"ಹೂಲಿ ಹಿರೇರ, ಅಕ್ಕದೇರ, ಕೇಳ್ರಿ. ನಾ ಹುಸೇನಪೀರ. ನಿನ್ನೆ ನೀವು ನೋಡಿದ್ದು ಆಟ ಅಲ್ಲ. ಅದು ಸಿನಿಮಾ. ಹುಡುಗ್ರು ಫೋನಿನಾಗ ಆಡೂದಕ್ಕ ನಾ ತಿಳೀದ ಆಟ ಅಂದೆ. ತಿಳದ ಮ್ಯಾಲೂ ಐತಿ ಅಂದೆ. ಮ್ಯಾಳ ಇದ್ದಿಲ್ಲ, ಹಾರ್ಮೋನಿಯಂ ಇದ್ದಿಲ್ಲ. ತಪ್ಪಾತು. ನನ್ನ ಮಾತು ನಂಬಿ ಬಂದವರು ಮಾಫ್ ಮಾಡಬೇಕು."

ಕಟ್ಟೆಯ ಮೇಲಿದ್ದ ಭೀಮಶಿ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಒಂದು ಬಾಗಿಲಿನಿಂದ ಯಲ್ಲವ್ವ ಹೊರಗೆ ಬಂದಳು, ಎರಡೂ ಕೈಗೆ ರೊಟ್ಟಿಯ ಹಿಟ್ಟು. ನೆಟ್ಟಗೆ ಆಟೋದ ಹತ್ತಿರ ಬಂದು ನಿಂತಳು.

"ಯಾಕೋ, ನಮಗೇನ ಕಣ್ಣಿಲ್ಲಂತ ತಿಳದೀಯೇನು? ಪಡದೆ ಮ್ಯಾಲ ಓಡಿದ್ದು ಸಿನಿಮಾ ಅನ್ನೂದು ಗಣಪತಿ ಪದ ಮುಗದು ದೀಪಾ ಆರಿದಾಗನ ಗೊತ್ತಾತು. ಎದ್ದು ಬರಬೇಕಂತ ಮಾಡಿದ್ದೆ. ಪಡದೆ ಮುಂದ ನೀ ಆಡಾಕತ್ತಿದ್ದಿ, ಅದಕ್ಕ ಕುಂತೆ, ಖಣಾನೂ ಆಟದ ಪದ್ಧತಿಯಂಗ ಕೊಟ್ಟೆ. ಆಟ ಅದೋ, ಹುಚ್ಚಪ್ಪಾ."

ಹುಸೇನಪೀರ ಆಕೆಯ ಹಿಟ್ಟು ಮೆತ್ತಿದ ಕೈಗಳನ್ನೇ ನೋಡಿದ.

"ಮುಂದಿನ ಸೋಮವಾರ ಪಡದೆ ಮ್ಯಾಲ ಯಾವ ಸುಡಗಾಡಾರೆ ಇರಲಿ" ಎಂದಳು ಯಲ್ಲವ್ವ. "ಟ್ರ್ಯಾಕ್ಟರ್ ಹೂಡಾಕ ಭೀಮಶಿಗೆ ಹೇಳಬೇಕು. ನೀ ಒಳಗ ಇರತೀಯೋ ಇಲ್ಲೋ, ಅಷ್ಟ ಹೇಳು."

ಅವನು ಮೈಕನ್ನು ಬಾಯಿಯಿಂದ ಇಳಿಸಲು ಮರೆತಿದ್ದ. ಸಣ್ಣ ದನಿಯಲ್ಲಿ, ಆಕೆಗೊಬ್ಬಳಿಗೇ ಎಂಬಂತೆ, "ಇರತೇನಿ ಯಕ್ಕಾ" ಎಂದ. ಎರಡೂ ಭೋಂಗಾಗಳು ಅದನ್ನು ಇಡೀ ಹೂಲಿಗೆ ಸಾರಿದವು.